ಓದಲು ಹೋದ ಮಗಳು ಶನಿವಾರ-ಭಾನುವಾರ ದೇಶ ಸುತ್ತಬಹುದೆ?

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. 22 ವರ್ಷದ ಮಗಳು ಹಾಸನದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಬರುವ ಅಕ್ಟೋಬರಿಗೆ ಜರ್ಮನಿಯ ಆಖೆನ್ ನಗರದಲ್ಲಿ ಎಂ.ಎಸ್. ಸೇರುತ್ತಿದ್ದಾಳೆ. ಬ್ಯಾಂಕಿನಲ್ಲಿ ಸಾಲ ಮಾಡಿದ್ದೇವೆ. ಇನ್ನೂ ವಿಮಾನವನ್ನೇ ಹತ್ತಿಲ್ಲ, ಆಗಲೇ ಗೆಳತಿಯರ ಜೊತೆ ಸೇರಿಕೊಂಡು ಮೊದಲ ಮೂರು ತಿಂಗಳ ವೀಕೆಂಡುಗಳಿಗೆ ಪಟ್ಟಿ ಮಾಡಿಟ್ಟಿದ್ದಾಳೆ: ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಪ್ರಾಗ್, ರೋಮ್, ಸ್ವಿಟ್ಜರ್ಲೆಂಡ್, ಲಂಡನ್. ಕೇಳಿದರೆ, "ದೇಶ ಸುತ್ತು, ಕೋಶ ಓದು ಅಂತ ನೀವೇ ಹೇಳ್ತಿದ್ರಲ್ಲಪ್ಪ" ಅನ್ನುತ್ತಾಳೆ. ಓದುವ ವೀಸಾದಲ್ಲಿ ಹೀಗೆ ತಿರುಗಲು ಕಾನೂನು ಬಿಡುತ್ತದೆಯೆ? ಖರ್ಚು ಎಷ್ಟಾದೀತು? ಹೆಣ್ಣುಮಗಳು, ಗುರುತು ಪರಿಚಯ ಇಲ್ಲದ ಊರುಗಳು. ಹೂಂ ಅನ್ನಲೋ, ಬೇಡ ಅನ್ನಲೋ? ನಾವು ಗಂಡ-ಹೆಂಡತಿಯೂ ಒಮ್ಮೆ ಹೋಗಿ ನೋಡಿಕೊಂಡು ಬರುವ ಆಸೆ ಇದೆ. ಯಾವ ಸಮಯ ಒಳ್ಳೆಯದು?
— ಚಿಕ್ಕಮಗಳೂರು ಜಿಲ್ಲೆಯ ಒಬ್ಬ ಬೆಳೆಗಾರರು

ಉತ್ತರ: ಹೂಂ ಅನ್ನಿ. ಆದರೆ ಆ ಪಟ್ಟಿಗೆ ಹೂಂ ಅನ್ನಬೇಡಿ.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೆ? ಆಖೆನ್ ಇರುವುದೇ ಜರ್ಮನಿ, ಬೆಲ್ಜಿಯಂ, ನೆದರ್ಲೆಂಡ್ಸ್ ಮೂರೂ ಸೇರುವ ಮೂಲೆಯಲ್ಲಿ. ಅಲ್ಲಿ ಎರಡು ವರ್ಷ ಇರುವ ಹುಡುಗಿಗೆ ಎಲ್ಲಿಗೂ ಹೋಗಬೇಡ ಅಂದರೆ ಅವಳು ಹೋಗುವುದನ್ನು ನಿಲ್ಲಿಸುವುದಿಲ್ಲ, ನಿಮಗೆ ಹೇಳುವುದನ್ನು ನಿಲ್ಲಿಸುತ್ತಾಳೆ. ಹಾಸನದಲ್ಲಿ ನನ್ನ ಬಳಿ ಸಲಹೆಗೆ ಬರುವ ತಂದೆ-ತಾಯಿಗಳಿಗೆ ನಾನು ಮೊದಲು ಹೇಳುವ ಮಾತು ಇದು. ಪಟ್ಟಿ ಯಾಕೆ ಬೇಡ ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಕಾನೂನಿನ ವಿಷಯ ಮೊದಲು ಮುಗಿಸಿಬಿಡೋಣ, ಅದು ನೀವು ಅಂದುಕೊಂಡಷ್ಟು ಕಗ್ಗಂಟಲ್ಲ.

ಮಗಳಿಗೆ ಸಿಗುವುದು ಜರ್ಮನಿಯ ದೀರ್ಘಾವಧಿ ವೀಸಾ. ಅಲ್ಲಿಗೆ ಹೋದ ಮೇಲೆ ಅದರ ಬದಲಿಗೆ ವಾಸದ ಪರವಾನಗಿಯ ಕಾರ್ಡು ಕೊಡುತ್ತಾರೆ. ಇವೆರಡರಲ್ಲಿ ಯಾವುದೇ ಒಂದು ಚಾಲ್ತಿಯಲ್ಲಿದ್ದರೂ ತಮ್ಮ ನಡುವಿನ ಗಡಿ ತಪಾಸಣೆ ತೆಗೆದುಹಾಕಿದ ಷೆಂಗೆನ್ ಒಪ್ಪಂದದ ಉಳಿದ ದೇಶಗಳಲ್ಲಿ ಬೇರೆ ವೀಸಾ ಇಲ್ಲದೆ ತಿರುಗಬಹುದು. ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಮೀರಬಾರದು, ಅಷ್ಟೆ. ವೀಕೆಂಡ್ ತಿರುಗಾಟದಲ್ಲಿ ಆ ಮಿತಿ ದಾಟುವ ಮಾತೇ ಇಲ್ಲ. ಷೆಂಗೆನ್‌ನಲ್ಲಿ ಈಗ 29 ದೇಶಗಳಿವೆ. ಫ್ರಾನ್ಸ್, ನೆದರ್ಲೆಂಡ್ಸ್, ಚೆಕ್ ಗಣರಾಜ್ಯ, ಇಟಲಿ ಎಲ್ಲವೂ ಅದರೊಳಗೇ. ಸ್ವಿಟ್ಜರ್ಲೆಂಡ್ ಯೂರೋಪಿಯನ್ ಒಕ್ಕೂಟದಲ್ಲಿ ಇಲ್ಲದಿದ್ದರೂ ಷೆಂಗೆನ್‌ನಲ್ಲಿ ಇದೆ. ಲಂಡನ್ ಇಲ್ಲ. ಬ್ರಿಟನ್ನಿಗೆ ಪ್ರತ್ಯೇಕ ವೀಸಾ, ಪ್ರತ್ಯೇಕ ಅರ್ಜಿ, ಪ್ರತ್ಯೇಕ ಶುಲ್ಕ. ಐರ್ಲೆಂಡಿಗೂ ಹಾಗೇ. ಎರಡು ದಿನಕ್ಕೆ ಅಷ್ಟೆಲ್ಲ ಯಾಕೆ? ಲಂಡನ್ ಹೆಸರನ್ನು ಇವತ್ತೇ ಹೊಡೆದುಹಾಕಲು ಹೇಳಿ.

ಒಂದು ಕಡೆ ಮಾತ್ರ ಮಕ್ಕಳು ಎಡವುತ್ತಾರೆ. ವೀಸಾದ ಅವಧಿ ಮುಗಿಯುವ ಹೊತ್ತಿಗೆ ಕಾರ್ಡು ಕೈಗೆ ಬರದಿದ್ದರೆ ಅಲ್ಲಿನ ವಿದೇಶಿಯರ ಕಚೇರಿ ಒಂದು ತಾತ್ಕಾಲಿಕ ಪತ್ರ ಕೊಡುತ್ತದೆ. ಆ ಪತ್ರದಲ್ಲೇ ಬೇರೆ ಬೇರೆ ಬಗೆಗಳಿವೆ, ಎಲ್ಲದರಲ್ಲೂ ಗಡಿ ದಾಟಿ ವಾಪಸು ಬರಲು ಆಗುವುದಿಲ್ಲ. ಕಾರ್ಡು ಬರುವ ತನಕ ಜರ್ಮನಿಯೊಳಗೇ ಇರಲಿ. ಹೊರಗೆ ಹೋಗಲೇಬೇಕಾದರೆ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿಭಾಗವನ್ನು ಇ-ಮೇಲ್‌ನಲ್ಲಿ ಕೇಳಿ, ಬರಹದಲ್ಲಿ ಉತ್ತರ ಪಡೆದುಕೊಂಡೇ ಹೊರಡಲಿ. ಸೀನಿಯರ್ ಹೇಳಿದ, ವಾಟ್ಸಾಪ್ ಗ್ರೂಪಿನಲ್ಲಿ ಬಂತು ಎನ್ನುವುದೆಲ್ಲ ಗಡಿಯ ಪೊಲೀಸರ ಮುಂದೆ ನಡೆಯುವುದಿಲ್ಲ.

ಗಡಿಯೇ ಇಲ್ಲವಂತಲ್ಲ ಎಂದು ನೀವು ಕೇಳಬಹುದು. 2024ರ ಸೆಪ್ಟೆಂಬರಿನಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಮತ್ತೆ ಶುರು ಮಾಡಿದೆ. ಪ್ರತಿ ರೈಲಿನಲ್ಲೂ ಪೊಲೀಸರು ಹತ್ತುತ್ತಾರೆ ಅಂತಲ್ಲ. ರಾತ್ರಿ ಬಸ್ಸಿನಲ್ಲಿ ಮೂರು ಗಂಟೆಗೆ ಟಾರ್ಚು ಹಿಡಿದು ಹತ್ತಿದ ದಿನ ಫೋನಿನಲ್ಲಿರುವ ಫೋಟೋ ತೋರಿಸಿದರೆ ಆಗುವುದಿಲ್ಲ. ಅಸಲು ಪಾಸ್‌ಪೋರ್ಟ್ ಬೇಕು, ಜೊತೆಗೆ ವೀಸಾ ಅಥವಾ ಕಾರ್ಡು. ಸಿಟಿ ಬಸ್ಸಿನಲ್ಲಿ ಪಕ್ಕದ ವಾಲ್ಸ್ ಊರಿಗೆ ಹೋಗಿ ಕಾಫಿ ಕುಡಿದು ಬಂದರೂ ಅವಳು ನೆದರ್ಲೆಂಡ್ಸಿಗೆ ಹೋಗಿ ಬಂದ ಹಾಗೆಯೇ ಲೆಕ್ಕ.

ಈಗ ಪಟ್ಟಿಗೆ ಬರುತ್ತೇನೆ. ಶುಕ್ರವಾರ ರಾತ್ರಿಯಿಂದ ನಿಮ್ಮ ಜಿಲ್ಲೆಯಲ್ಲಿ ಏನಾಗುತ್ತದೆ ಎಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಕೈಮರದ ಚೆಕ್‌ಪೋಸ್ಟ್‌ನಲ್ಲಿ ಸಾಲುಗಟ್ಟಿ ನಿಲ್ಲುವ ಕಾರುಗಳು. ನಡುರಾತ್ರಿ ಹೋಮ್‌ಸ್ಟೇಗೆ ಬಂದು, ಬೆಳಿಗ್ಗೆ ಮುಳ್ಳಯ್ಯನಗಿರಿ, ಮಧ್ಯಾಹ್ನ ಬಾಬಾಬುಡನ್‌ಗಿರಿ, ಸಂಜೆ ಇನ್ನೊಂದು ಜಲಪಾತ, ಭಾನುವಾರ ಬೇಲೂರು-ಹಳೇಬೀಡು ಮುಗಿಸಿ ರಾತ್ರಿ ಬೆಂಗಳೂರು. ಪಾಪ, ಅರ್ಧ ಹೊತ್ತು ಅವರು ನೋಡಿದ್ದು ಮುಂದಿನ ಕಾರಿನ ಹಿಂಭಾಗವನ್ನು. ನಿಮ್ಮ ಮಗಳ ಪಟ್ಟಿ ಇಂಥದ್ದೇ, ಯೂರೋಪಿನ ನಕ್ಷೆಯ ಮೇಲೆ ಬರೆದದ್ದು. ಆಖೆನ್‌ನಿಂದ ಪ್ರಾಗ್‌ಗೆ ರೈಲಿನಲ್ಲಿ ಒಂಬತ್ತು ತಾಸಿಗೂ ಹೆಚ್ಚು ಬೇಕು. ಹೋಗಲು ಒಂದು ಒಂಬತ್ತು, ಬರಲು ಒಂದು ಒಂಬತ್ತು. ನಡುವೆ ಉಳಿಯುವ ಒಂದು ಹಗಲಿನಲ್ಲಿ ನಿದ್ದೆಗಣ್ಣಿನ ಸೇತುವೆ, ನಿದ್ದೆಗಣ್ಣಿನ ಕೋಟೆ, ಸೋಮವಾರ ಬೆಳಿಗ್ಗೆ ಎಂಟೂವರೆಯ ತರಗತಿಯಲ್ಲಿ ಬರೀ ನಿದ್ದೆ.

ಅದೂ ಅವಳು ಆರಿಸಿಕೊಂಡಿರುವುದು ವರ್ಷದ ಅತ್ಯಂತ ಕೆಟ್ಟ ಮೂರು ತಿಂಗಳನ್ನು. ಹೋದ ತಕ್ಷಣ ಮನೆ ವಿಳಾಸವನ್ನು ಎರಡು ವಾರದೊಳಗೆ ನಗರ ಕಚೇರಿಯಲ್ಲಿ ನೋಂದಾಯಿಸಬೇಕು. ಬ್ಯಾಂಕ್ ಖಾತೆ, ವಿಮೆ, ದಾಖಲಾತಿ, ಪರವಾನಗಿಗೆ ಅಪಾಯಿಂಟ್‌ಮೆಂಟ್ ಎನ್ನುತ್ತ ಅಕ್ಟೋಬರ್ ಕಳೆಯುತ್ತದೆ. ನವೆಂಬರ್‌ನಿಂದ ಹಗಲು ಕುಗ್ಗುತ್ತದೆ. ಡಿಸೆಂಬರ್ ನಡುವೆ ಆಖೆನ್‌ನಲ್ಲಿ ಬೆಳಕಾಗುವುದು ಎಂಟೂವರೆಗೆ, ಕತ್ತಲಾಗುವುದು ಸಂಜೆ ನಾಲ್ಕೂವರೆಗೆ. ಅಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣದೊಳಗಿನ ಕೆಲವು ಬಿಟ್ಟರೆ ಅಕ್ಕಿ, ಹಾಲು, ಸೊಪ್ಪು ಏನೂ ಸಿಗದು. ವಾರದ ಸಾಮಾನು, ಬಟ್ಟೆ ಒಗೆಯುವುದು, ವಾರಕ್ಕಾಗುವಷ್ಟು ಅಡುಗೆ ಎಲ್ಲ ಶನಿವಾರಕ್ಕೇ ಬೀಳುತ್ತದೆ. ಆದ್ದರಿಂದ ಅಲ್ಲಿನ ವಿದ್ಯಾರ್ಥಿಯ ವೀಕೆಂಡ್ ಎಂದರೆ ನಿಜಕ್ಕೂ ಒಂದು ಭಾನುವಾರ.

ಓದಿನ ಲೆಕ್ಕವನ್ನೂ ನೋಡಿ. ಒಂದು ಸೆಮಿಸ್ಟರಿಗೆ 30 ಕ್ರೆಡಿಟ್, ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆಯ ದುಡಿಮೆ ಎಂದು ಅಲ್ಲಿನ ಲೆಕ್ಕ. ಅಂದರೆ 750ರಿಂದ 900 ಗಂಟೆ. ತರಗತಿಯಲ್ಲಿ ಕೂರುವುದು ಅದರಲ್ಲಿ ಸಣ್ಣ ಪಾಲು, ಉಳಿದದ್ದು ಒಬ್ಬಳೇ ಕುಳಿತು ಓದುವುದು. ಇಲ್ಲಿಯ ಹಾಗೆ ಇಂಟರ್ನಲ್ಸ್ ಇಟ್ಟು ನಡುನಡುವೆ ಎಚ್ಚರಿಸುವವರು ಅಲ್ಲಿ ಕಡಿಮೆ. ಬಹುಪಾಲು ವಿಷಯಗಳಲ್ಲಿ ಕೊನೆಯ ಪರೀಕ್ಷೆಯೊಂದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಸಾಮಾನ್ಯವಾಗಿ ಒಂದು ಪರೀಕ್ಷೆಗೆ ಮೂರು ಅವಕಾಶ. ಕಡ್ಡಾಯ ವಿಷಯವೊಂದರಲ್ಲಿ ಮೂರನೆಯದೂ ಕೈಕೊಟ್ಟರೆ ಕೋರ್ಸಿನಿಂದಲೇ ಹೊರಗೆ, ಆಮೇಲೆ ವೀಸಾದ ಪ್ರಶ್ನೆ. ಮೊದಲ ಸೆಮಿಸ್ಟರಿನಲ್ಲಿ ಜಾರಿದವರು ತಿರುಗಾಟದಿಂದಲೇ ಜಾರಿದರು ಎನ್ನಲಾರೆ. ಚಳಿ, ಒಂಟಿತನ, ಅರ್ಥವಾಗದ ಪರೀಕ್ಷೆಯ ಕ್ರಮ ಎಲ್ಲ ಸೇರಿರುತ್ತವೆ. ಆದರೂ ದೇಶ ಸುತ್ತುವುದು, ಕೋಶ ಓದುವುದು ಎರಡೂ ಒಂದೇ ಶನಿವಾರ ಆಗುವುದಿಲ್ಲ ಎಂದು ಮಗಳಿಗೆ ಹೇಳಿ.

ಹಾಗಾದರೆ ಆ ಮೂರು ತಿಂಗಳು ಕೋಣೆಯಲ್ಲೇ ಕೂರಬೇಕೆ? ಬೇಡ. ಹತ್ತಿರದ್ದನ್ನು ನೋಡಲಿ. ಜರ್ಮನಿಯಲ್ಲಿ 2023ರ ಮೇ ತಿಂಗಳಿನಿಂದ ಒಂದು ಟಿಕೆಟ್ ಇದೆ. ತಿಂಗಳಿಗೆ 49 ಯೂರೋಗೆ ಶುರುವಾಗಿ, 2025ರಲ್ಲಿ 58 ಆಗಿ, 2026ರ ಜನವರಿಯಿಂದ 63 ಆಗಿದೆ. ಅದೊಂದಿದ್ದರೆ ಇಡೀ ದೇಶದ ಸಿಟಿ ಬಸ್ಸು, ಟ್ರಾಮು, ಮೆಟ್ರೋ, ಪ್ರಾದೇಶಿಕ ರೈಲು ಎಲ್ಲದರಲ್ಲೂ ಓಡಾಡಬಹುದು. ವೇಗದ ರೈಲುಗಳಿಗೆ ಮಾತ್ರ ಆಗದು. ವಿದ್ಯಾರ್ಥಿಗಳಿಗೆ ಇದೇ ಟಿಕೆಟ್ ಪೂರ್ಣ ದರದ ಶೇ. 60ಕ್ಕೆ ಸಿಗುತ್ತದೆ, ಅದೂ ಸೆಮಿಸ್ಟರ್ ಶುಲ್ಕದಲ್ಲೇ ಸೇರಿ ಬರುತ್ತದೆ. ಅಂದರೆ ನೀವು ಆಗಲೇ ದುಡ್ಡು ಕೊಟ್ಟಾಗಿರುತ್ತದೆ. ಅದನ್ನು ಬಳಸದೆ ಹೊಸ ಟಿಕೆಟ್ ಕೊಂಡು ಪ್ರಾಗ್‌ಗೆ ಓಡುವುದು ನನಗಂತೂ ಸರಿಕಾಣದು.

ಆ ಟಿಕೆಟ್ಟಿನಲ್ಲಿ ಕಲೋನ್ ಒಂದು ಗಂಟೆಯ ಆಸುಪಾಸು. ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ 157 ಮೀಟರ್ ಎತ್ತರದ ಕ್ಯಾಥೆಡ್ರಲ್ ಕಣ್ಣೆದುರೇ ನಿಂತಿರುತ್ತದೆ. ಇನ್ನೂ ಸ್ವಲ್ಪ ಮುಂದೆ ಬೀಥೋವನ್ ಹುಟ್ಟಿದ ಬಾನ್. ದಕ್ಷಿಣಕ್ಕೆ ಐಫೆಲ್ ಗುಡ್ಡಗಳು, ಮರದ ಚೌಕಟ್ಟಿನ ಹಳೆಯ ಮನೆಗಳ ಮಾನ್‌ಶೌ ಎಂಬ ಪುಟ್ಟ ಊರು. ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ನಮ್ಮ ಮಲೆನಾಡಿನ ಮಕ್ಕಳಿಗೆ ಈ ಐಫೆಲ್ ಬಹಳ ಹಿಡಿಸುತ್ತದೆ, ಅಲ್ಲೂ ಮಳೆ ಹಿಡಿದರೆ ಬಿಡುವುದಿಲ್ಲ. ಮೂರು ದೇಶ ಸೇರುವ ಗುಡ್ಡವನ್ನಂತೂ ಒಂದು ಮಧ್ಯಾಹ್ನದಲ್ಲಿ ನಡೆದು ನೋಡಬಹುದು. ಯೂರೋಪಿನಲ್ಲಿರುವ ನೆದರ್ಲೆಂಡ್ಸಿನ ಅತಿ ಎತ್ತರದ ಜಾಗ ಅದು, 322 ಮೀಟರ್! ಮುಳ್ಳಯ್ಯನಗಿರಿ 1,930 ಮೀಟರ್. ನಿಮ್ಮ ತೋಟವೇ ಅವರ ಶಿಖರದ ಮೂರರಷ್ಟು ಎತ್ತರದಲ್ಲಿದ್ದೀತು. ಮಗಳು ಅಲ್ಲಿ ನಿಂತು ನಗದೆ ಇರಲಿ.

ಇನ್ನು ಆಖೆನ್ ಊರೇ ಇದೆಯಲ್ಲ. ಅಲ್ಲಿನ ಕ್ಯಾಥೆಡ್ರಲ್‌ನಲ್ಲಿ ಚಕ್ರವರ್ತಿ ಶಾರ್ಲಮೇನ್‌ನ ಸಮಾಧಿ ಇದೆ. 936ರಿಂದ 1531ರವರೆಗೆ ಜರ್ಮನಿಯ ರಾಜರಿಗೆ ಪಟ್ಟಾಭಿಷೇಕ ನಡೆದದ್ದು ಅಲ್ಲೇ. 1978ರಲ್ಲಿ ಯುನೆಸ್ಕೋ ಮೊಟ್ಟಮೊದಲ ವಿಶ್ವ ಪರಂಪರೆ ಪಟ್ಟಿ ಮಾಡಿದಾಗ ಅದರಲ್ಲಿದ್ದ ಹನ್ನೆರಡೇ ತಾಣಗಳಲ್ಲಿ ಇದೂ ಒಂದು. ನಮ್ಮ ಬೇಲೂರು, ಹಳೇಬೀಡು, ಸೋಮನಾಥಪುರ ಆ ಪಟ್ಟಿ ಸೇರಿದ್ದು 2023ರಲ್ಲಿ. ಹಾಸನದಲ್ಲಿ ನಾಲ್ಕು ವರ್ಷ ಓದಿ ಹಳೇಬೀಡಿನ ಬಸ್ಸು ಹತ್ತದವರನ್ನು ಬೇಕಾದಷ್ಟು ನೋಡಿದ್ದೇನೆ. ಆಖೆನ್‌ನಲ್ಲೂ ಅಂಥವರು ಇರುತ್ತಾರೆ; ರೋಮ್‌ಗೆ ಮೂರು ಸಲ ಹೋಗಿರುತ್ತಾರೆ, ಊರಿನ ಕ್ಯಾಥೆಡ್ರಲ್ ಒಳಗೆ ಹೋಗಿರುವುದಿಲ್ಲ.

ದೂರದ ಊರುಗಳಿಗೆ ಏಪ್ರಿಲ್ ನಂತರ ಹೋಗಲಿ. ಬೇಸಿಗೆಯ ಸೆಮಿಸ್ಟರಿನಲ್ಲಿ ಹಗಲು ಉದ್ದ, ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆ ದಾಟಿದರೂ ಬೆಳಕಿರುತ್ತದೆ. ಮೇ-ಜೂನ್‌ನಲ್ಲಿ ಗುರುವಾರವೇ ಬೀಳುವ ಎರಡು ಕ್ರೈಸ್ತ ಹಬ್ಬಗಳ ರಜೆ ಆಖೆನ್ ಇರುವ ರಾಜ್ಯದಲ್ಲಿ ಇದೆ. ಶುಕ್ರವಾರ ತರಗತಿ ಇಲ್ಲದಿದ್ದರೆ ನಾಲ್ಕು ದಿನ ಸಿಕ್ಕಿತು. ರೋಮ್, ಪ್ರಾಗ್‌ಗಳಿಗೆ ಅಷ್ಟಾದರೂ ಬೇಕು. ಪ್ಯಾರಿಸ್ ಹಾಗಲ್ಲ, ಆಖೆನ್‌ನಿಂದ ವೇಗದ ರೈಲಿನಲ್ಲಿ ಮೂರು ಗಂಟೆಯೊಳಗೆ ತಲುಪಬಹುದು, ಬ್ರಸೆಲ್ಸ್ ಇನ್ನೂ ಹತ್ತಿರ. ಪ್ಯಾರಿಸ್‌ನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿ 26 ತುಂಬದವರಿಗೆ, ಅವರು ಯೂರೋಪಿಯನ್ ಆರ್ಥಿಕ ವಲಯದಲ್ಲಿ ವಾಸವಾಗಿದ್ದರೆ, ಪ್ರವೇಶ ಉಚಿತ. ಪೌರತ್ವ ಭಾರತದ್ದೇ ಇರಲಿ, ಜರ್ಮನಿಯ ವಾಸದ ಕಾರ್ಡು ತೋರಿಸಿದರೆ ಸಾಕು. ಸಮಯ ಮಾತ್ರ ಮೊದಲೇ ಕಾಯ್ದಿರಿಸಬೇಕು. ಕಾರ್ಡು ಬರುವ ಮುಂಚೆ ಓಡಬೇಡ ಎನ್ನಲು ಇದೂ ಒಂದು ಕಾರಣ ಆಯಿತು.

ದುಡ್ಡಿನ ವಿಷಯ. ವೀಸಾಕ್ಕಾಗಿ ನೀವು ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೋ ಇಟ್ಟಿರುತ್ತೀರಿ. ಅದು ತಿಂಗಳಿಗೆ 992ರಂತೆ ಮಗಳ ಕೈಸೇರುತ್ತದೆ. ಬಾಡಿಗೆ 350ರಿಂದ 450, ಆರೋಗ್ಯ ವಿಮೆ ಸುಮಾರು 150, ಊಟ 200ರಿಂದ 250, ಫೋನು, ಪುಸ್ತಕ, ಸೆಮಿಸ್ಟರ್ ಶುಲ್ಕದ ಪಾಲು ಕಳೆದರೆ ಉಳಿಯುವುದು ನೂರರ ಮೇಲೆ ಸ್ವಲ್ಪ. ಎರಡು ರಾತ್ರಿಯ ಪ್ಯಾರಿಸ್ ಪ್ರವಾಸ, ಹಾಸ್ಟೆಲ್ಲಿನ ಡಾರ್ಮಿಟರಿಯಲ್ಲಿ ಮಲಗಿ, ಬ್ರೆಡ್ಡು ಕಟ್ಟಿಕೊಂಡು ಹೋದರೂ 200 ಯೂರೋಗೆ ಕಡಿಮೆ ಆಗುವುದು ಕಷ್ಟ. ಯೂರೋಗೆ ನೂರು ರೂಪಾಯಿಯ ಲೆಕ್ಕ ಹಿಡಿದರೂ 20,000. ತಿಂಗಳಿಗೆ ಎರಡು ಸಲ ಹೀಗೆ ಹೋದರೆ ಸಾಲದ ದುಡ್ಡೇ ಕರಗುವುದು. ನನ್ನ ಸಲಹೆ: ಹೊರಗೆ ರಾತ್ರಿ ಕಳೆಯುವ ಪ್ರವಾಸಕ್ಕೆ ಮನೆಯ ದುಡ್ಡು ಬೇಡ, ಅವಳ ದುಡಿಮೆಯಿಂದ ಬರಲಿ. ವಿದ್ಯಾರ್ಥಿಗಳಿಗೆ ವರ್ಷಕ್ಕೆ 140 ಪೂರ್ಣ ದಿನ ಇಲ್ಲವೇ 280 ಅರ್ಧ ದಿನ ಕೆಲಸ ಮಾಡಲು ಅನುಮತಿ ಇದೆ. ದುಡಿದ ದುಡ್ಡಾದರೆ ಪ್ರಾಗ್ ಬೇಕೋ ಮಾನ್‌ಶೌ ಸಾಕೋ ಎನ್ನುವುದನ್ನು ಅವಳೇ ಸರಿಯಾಗಿ ತೂಗುತ್ತಾಳೆ.

ಇಲ್ಲೊಂದು ಎಚ್ಚರಿಕೆ. ಈಗಿನ ಮಕ್ಕಳು ಹೋದಲ್ಲೆಲ್ಲ ರೀಲ್ಸ್, ವ್ಲಾಗ್ ಮಾಡುತ್ತಾರೆ. ನೆನಪಿಗೆ ಮಾಡಿಕೊಳ್ಳಲಿ. ಅದರಿಂದ ಹಣ ಬರಲು ಶುರುವಾದರೆ ಅಲ್ಲಿನ ಕಾನೂನಿನ ಪ್ರಕಾರ ಅದು ಸ್ವಂತ ಉದ್ಯೋಗ. ವಿದ್ಯಾರ್ಥಿಯ ಪರವಾನಗಿಯಲ್ಲಿ ಸಾಮಾನ್ಯವಾಗಿ ಅದಕ್ಕೆ ಅನುಮತಿ ಇರುವುದಿಲ್ಲ, ಬೇರೆಯಾಗಿ ಕೇಳಿ ಪಡೆಯಬೇಕು.

ಅಗ್ಗದ ವಿಮಾನ ಎಂದು ಕುಣಿಯುವ ಮುಂಚೆ ಅದು ಎಲ್ಲಿ ಇಳಿಯುತ್ತದೆ, ಎಲ್ಲಿಂದ ಏಳುತ್ತದೆ ಎಂದು ನೋಡಲಿ. ಫ್ರಾಂಕ್‌ಫರ್ಟ್-ಹಾನ್ ಎಂಬ ನಿಲ್ದಾಣದಿಂದ ಫ್ರಾಂಕ್‌ಫರ್ಟ್‌ಗೆ ಸುಮಾರು 120 ಕಿ.ಮೀ., ಅಂದರೆ ಹಾಸನದಿಂದ ಮೈಸೂರಿಗೆ ಇರುವಷ್ಟು. ಬಸ್ಸಿನ ಖರ್ಚು, ಬ್ಯಾಗಿನ ಶುಲ್ಕ ಸೇರಿದರೆ ಅಗ್ಗ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ಯೂರೋ ನಡೆಯದ ದೇಶದಲ್ಲಿ ಕಾರ್ಡು ಉಜ್ಜುವಾಗ ಯಂತ್ರ "ಯೂರೋದಲ್ಲೋ, ಇಲ್ಲಿನ ಹಣದಲ್ಲೋ" ಎಂದು ಕೇಳುತ್ತದೆ. ಯಾವಾಗಲೂ ಅಲ್ಲಿನ ಹಣವನ್ನೇ ಒತ್ತಲಿ. ಇಲ್ಲದಿದ್ದರೆ ವಿನಿಮಯ ದರದಲ್ಲಿ ಕೈ ಕಚ್ಚುತ್ತದೆ. ಜರ್ಮನಿಯ ನಿಲ್ದಾಣಗಳಲ್ಲಿ ಗೇಟು ಇರುವುದಿಲ್ಲ, ಯಾರೂ ನೋಡುವುದಿಲ್ಲ ಎಂದು ಟಿಕೆಟ್ ಇಲ್ಲದೆ ಹತ್ತಿದರೆ ಸಾದಾ ಉಡುಪಿನ ತಪಾಸಕರ ಕೈಗೆ ಸಿಕ್ಕಿ 60 ಯೂರೋ ದಂಡ.

ಸ್ವಿಟ್ಜರ್ಲೆಂಡ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಯೂರೋಪಿಯನ್ ಒಕ್ಕೂಟದೊಳಗೆ 2017ರ ಜೂನ್‌ನಿಂದ ಫೋನಿಗೆ ರೋಮಿಂಗ್ ಶುಲ್ಕ ಇಲ್ಲ. ಸ್ವಿಟ್ಜರ್ಲೆಂಡ್ ಆ ನಿಯಮಕ್ಕೆ ಸೇರಿಲ್ಲ. ರೈಲು ಬಾಸೆಲ್ ಸಮೀಪಿಸುವಾಗಲೇ ಅವಳು ಡೇಟಾ ಆಫ್ ಮಾಡಿಟ್ಟುಕೊಳ್ಳಲಿ. ಇನ್ನೊಂದು, ಆರೋಗ್ಯ ವಿಮೆ. ಜರ್ಮನಿಯ ಸಾರ್ವಜನಿಕ ವಿಮೆಯ ಕಾರ್ಡಿನ ಹಿಂಬದಿಯೇ ಯೂರೋಪಿನ ಆರೋಗ್ಯ ಕಾರ್ಡು. ಫ್ರಾನ್ಸ್, ಇಟಲಿಗಳಲ್ಲಿ ತುರ್ತು ಚಿಕಿತ್ಸೆಗೆ ಅದು ನಡೆಯುತ್ತದೆ. ಆದರೆ ಒಕ್ಕೂಟದ ಹೊರಗಿನ ದೇಶದ ಪ್ರಜೆಗಳಿಗೆ ಸ್ವಿಟ್ಜರ್ಲೆಂಡ್, ಡೆನ್ಮಾರ್ಕ್, ನಾರ್ವೆ, ಐಸ್‌ಲೆಂಡ್, ಲಿಕ್ಟನ್‌ಸ್ಟೈನ್‌ಗಳಲ್ಲಿ ಅದು ನಡೆಯುವುದಿಲ್ಲ. ಬಹಳ ಮಕ್ಕಳಿಗೆ ಇದು ಗೊತ್ತೇ ಇಲ್ಲ. ಹಿಮದಲ್ಲಿ ಜಾರಿ ಕಾಲು ಮುರಿದುಕೊಂಡರೆ, ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಇಳಿಸಬೇಕಾದರೆ, ಬಿಲ್ಲು ನಿಮ್ಮ ಮನೆಬಾಗಿಲಿಗೇ ಬರುತ್ತದೆ. ವರ್ಷಕ್ಕೊಂದು ವಿದೇಶ ಪ್ರವಾಸ ವಿಮೆಯನ್ನು ಜರ್ಮನಿಯಲ್ಲೇ ಕೊಂಡುಕೊಳ್ಳಲಿ. ಅದರ ಬೆಲೆ ಒಂದು ಪ್ಯಾರಿಸ್ ಪ್ರವಾಸದ ಸಣ್ಣ ಪಾಲೂ ಆಗುವುದಿಲ್ಲ.

ಹೆಣ್ಣುಮಗಳು ಎಂಬ ನಿಮ್ಮ ಆತಂಕ ಅರ್ಥವಾಗುತ್ತದೆ. ಹಾಸ್ಟೆಲ್ಲುಗಳಲ್ಲಿ ಹೆಂಗಸರಿಗೇ ಮೀಸಲಾದ ಡಾರ್ಮಿಟರಿ ಇರುತ್ತದೆ, ಕಾಯ್ದಿರಿಸುವಾಗಲೇ ಆರಿಸಿಕೊಳ್ಳಬಹುದು. ಹೊಸ ಊರಿಗೆ ಕತ್ತಲಾದ ಮೇಲೆ ತಲುಪುವ ರೈಲು ಬೇಡ, ಹೊರಡುವ ರೈಲು ಕತ್ತಲಲ್ಲಿದ್ದರೂ ಪರವಾಗಿಲ್ಲ. ಆದರೆ ನಿಜವಾಗಿ ಹೆಚ್ಚು ನಡೆಯುವುದು ಜೇಬುಗಳ್ಳತನ. ಪ್ಯಾರಿಸ್‌ನ ಮೆಟ್ರೋ, ರೋಮ್‌ನ ಬಸ್ಸು, ಬ್ರಸೆಲ್ಸ್‌ನ ನಿಲ್ದಾಣ ಇದಕ್ಕೆ ಹೆಸರುವಾಸಿ. ಪಾಸ್‌ಪೋರ್ಟ್ ಹೋಯಿತೆಂದರೆ ಪೊಲೀಸ್ ದೂರು, ಭಾರತದ ರಾಯಭಾರ ಕಚೇರಿ, ಹೊಸ ಪಾಸ್‌ಪೋರ್ಟಿಗೆ ಕಾಯುವುದು. ತುರ್ತಾಗಿ ಕೊಡುವ ಪ್ರಮಾಣಪತ್ರ ಭಾರತಕ್ಕೆ ವಾಪಸಾಗಲು ಮಾತ್ರ, ತರಗತಿಗೆ ಮರಳಲು ಅಲ್ಲ. ಪಾಸ್‌ಪೋರ್ಟ್ ಮತ್ತು ವಾಸದ ಕಾರ್ಡನ್ನು ಒಂದೇ ಚೀಲದಲ್ಲಿ ಇಡದಿರುವುದು ಅದಕ್ಕೇ. ಎರಡರ ಪ್ರತಿ ನಿಮ್ಮ ಬಳಿ ಮೂಡಿಗೆರೆಯಲ್ಲೂ ಇರಲಿ. ಆಖೆನ್‌ಗೆ ಸಂಬಂಧಿಸಿದ ಭಾರತೀಯ ಕಾನ್ಸುಲೇಟ್ ಫ್ರಾಂಕ್‌ಫರ್ಟ್‌ನಲ್ಲಿದೆ. ಯೂರೋಪಿನಾದ್ಯಂತ ತುರ್ತು ಸಂಖ್ಯೆ 112.

ನೀವು ಗಂಟೆಗೊಮ್ಮೆ ಫೋನು ಮಾಡಬೇಡಿ ಸ್ವಾಮಿ. ಚಳಿಗಾಲದಲ್ಲಿ ಅಲ್ಲಿಗೂ ನಮಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ಮೂರೂವರೆ. ನಿಮ್ಮ ರಾತ್ರಿ ಹತ್ತು ಗಂಟೆ ಅವಳ ಸಂಜೆಯ ಹೊತ್ತು, ಆಗ ಅವಳು ಇನ್ನೂ ದಾರಿಯಲ್ಲಿರುತ್ತಾಳೆ. ಹೊರಡುವ ಮುಂಚೆ ಯಾವ ರೈಲು, ಎಲ್ಲಿ ಉಳಿಯುವುದು, ಜೊತೆಗೆ ಯಾರು ಎಂದು ಒಂದು ಮೆಸೇಜು, ಕೋಣೆ ಸೇರಿದ ಮೇಲೆ ಇನ್ನೊಂದು. ಇಷ್ಟಕ್ಕೆ ಒಪ್ಪಂದ ಮಾಡಿಕೊಳ್ಳಿ. ಅವಳಮ್ಮನಿಗೂ ಇದನ್ನೇ ಹೇಳಿ, ಅದು ನಿಮ್ಮ ಪಾಲಿನ ಕಷ್ಟದ ಕೆಲಸ.

ಇನ್ನು ನೀವಿಬ್ಬರೂ ಹೋಗುವ ವಿಚಾರ. ಫೆಬ್ರುವರಿ-ಮಾರ್ಚ್‌ನಲ್ಲಿ ಅವಳಿಗೆ ತರಗತಿ ಇರುವುದಿಲ್ಲ, ಆದರೆ ಪರೀಕ್ಷೆಗಳು ಅಲ್ಲೇ ಬರುತ್ತವೆ. ನಿಮಗೂ ಆಗ ರೋಬಸ್ಟಾ ಕೊಯ್ಲು, ಹಿಂದೆಯೇ ಹೂಮಳೆಯ ನಿರೀಕ್ಷೆ. ಮೇ ಎರಡನೇ ವಾರದಿಂದ ಕೊನೆಯವರೆಗೆ ಸರಿಹೊಂದುತ್ತದೆ: ಅಲ್ಲಿ ಹವೆ ಹಿತ, ಅವಳಿಗೆ ಆ ಗುರುವಾರದ ರಜೆಗಳು, ಇಲ್ಲಿ ಮುಂಗಾರು ಇನ್ನೂ ಹಿಡಿದಿರುವುದಿಲ್ಲ. ಮಳೆಗೆ ಮುಂಚೆ ಗಿಡಗಳಿಗೆ ಬೋರ್ಡೋ ಔಷಧಿ ಹೊಡೆಸುವ ಕೆಲಸವನ್ನು ಯಾರಿಗೆ ಒಪ್ಪಿಸುತ್ತೀರಿ ಎನ್ನುವುದು ನಿಮಗೆ ಬಿಟ್ಟದ್ದು. ಷೆಂಗೆನ್ ಪ್ರವಾಸಿ ವೀಸಾಕ್ಕೆ ಬೆಂಗಳೂರಿನಲ್ಲೇ ಅರ್ಜಿ ಕೊಡಬಹುದು. ಪ್ರಯಾಣಕ್ಕೆ ಆರು ತಿಂಗಳಿನಷ್ಟು ಮೊದಲೇ ಅರ್ಜಿ ತೆಗೆದುಕೊಳ್ಳುತ್ತಾರೆ, ನೀವು ಫೆಬ್ರುವರಿಯಲ್ಲೇ ಕೊಟ್ಟುಬಿಡಿ. ತಲಾ 90 ಯೂರೋ ಶುಲ್ಕ, ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ, ಮಗಳ ದಾಖಲಾತಿ ಪತ್ರ ಮತ್ತು ಅವಳು ಬರೆದ ಆಹ್ವಾನ ಬೇಕು. ತೋಟದ ಆದಾಯವೊಂದೇ ಇರುವ ಬೆಳೆಗಾರರ ಬಳಿ ಕೆಲವೊಮ್ಮೆ ಐ.ಟಿ. ರಿಟರ್ನ್ಸ್ ಇರುವುದಿಲ್ಲ. ಹಾಗಿದ್ದರೆ ಪಹಣಿ, ಕಾಫಿ ಮಾರಿದ ಬಿಲ್ಲುಗಳು, ಒಂದೆರಡು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್, ಇವುಗಳ ಇಂಗ್ಲಿಷ್ ಅನುವಾದ ಸೇರಿಸಿ, ಆದಾಯದ ಬಗೆಯನ್ನು ವಿವರಿಸುವ ಒಂದು ಪುಟದ ಪತ್ರವನ್ನು ಮೇಲಿಡಿ. ಅರ್ಜಿ ಕೊಡುವ ಹಿಂದಿನ ವಾರ ಎಲ್ಲಿಂದಲೋ ಲಕ್ಷಗಟ್ಟಲೆ ತಂದು ಖಾತೆಗೆ ತುಂಬಬೇಡಿ, ಅದನ್ನೇ ಅವರು ಮೊದಲು ಅನುಮಾನಿಸುವುದು.